ಓದದೆ ಒಪ್ಪಿದ ಪ್ಯಾಚು

ಗಂಡ ಮನೆ ಬಿಟ್ಟು ಹೋದ ಮರುದಿನ ಅವಳು ಎಂದಿನ ಬಸ್ಸಿನಲ್ಲೇ ಕಚೇರಿಗೆ ಹೋದಳು. ರಜೆ ಹಾಕಬೇಕೆಂದು ಅನ್ನಿಸಲಿಲ್ಲ. ಹಾಕಿದರೆ ಮನೆಯಲ್ಲಿ ಕೂತು ಏನು ಮಾಡುವುದೆಂದೂ ಹೊಳೆಯಲಿಲ್ಲ. ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಕೂತಳು. ಇಳಿಯುವ ಜಾಗ ಬಂತು, ಇಳಿದಳು. ಬಾಗಿಲಲ್ಲಿದ್ದ ಕಾವಲುಗಾರ "ಆರಾಮಾ ಮೇಡಂ?" ಎಂದ. ಅವನು ದಿನವೂ ಎಲ್ಲರನ್ನೂ ಕೇಳುವ ಮಾತದು. "ಹೂಂ" ಎಂದು ಒಳಗೆ ಹೋದಳು.

ಹಿಂದಿನ ಬೆಳಿಗ್ಗೆ ನಡೆದದ್ದರಲ್ಲಿ ಗದ್ದಲವೇನೂ ಇರಲಿಲ್ಲ. ಗಂಡ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದ. ಊರವರ ಬೆನ್ನು, ಭುಜ, ಮಂಡಿ ಸರಿಮಾಡುವುದು ಅವನ ಕಸುಬು. ಹಾಸಿಗೆಯ ಮೇಲೆ ಸೂಟ್‌ಕೇಸು ತೆರೆದಿಟ್ಟು, ಅಂಗಿಗಳನ್ನು ಮಡಿಸುತ್ತಲೇ ವಿಷಯ ಹೇಳಿದ. ಕ್ಲಿನಿಕ್ಕಿನಲ್ಲಿ ಒಬ್ಬಳಿದ್ದಾಳೆ, ಅವಳ ಜೊತೆ ಇರಲು ಹೋಗುತ್ತಿದ್ದೇನೆ, ಎಷ್ಟೋ ದಿನದಿಂದ ಹೇಳಬೇಕೆಂದಿದ್ದೆ ಎಂದ. ಅವಳು ಬಾಗಿಲಿಗೆ ಒರಗಿ ನಿಂತು ಕೇಳಿದಳು. ಒಂದು ಅಂಗಿಯ ತೋಳು ಸೂಟ್‌ಕೇಸಿನ ಹೊರಗೆ ಇಣುಕುತ್ತಿತ್ತು. ಬಗ್ಗಿ ಅದನ್ನು ಒಳಗೆ ಸೇರಿಸಿದಳು.

"ಏನಾದ್ರೂ ಹೇಳು," ಎಂದ ಅವನು.

"ಏನು ಹೇಳ್ಲಿ?"

"ಬೈಯಾದ್ರೂ ಬೈ."

ಅವಳಿಗೆ ಒಂದು ಬೈಗುಳವೂ ನೆನಪಾಗಲಿಲ್ಲ.

ಅವನು ಕೆಳಗಿಳಿದಾಗ ಮೆಟ್ಟಿಲ ಬುಡದಲ್ಲಿ ಅವನ ಅಪ್ಪ ನಿಂತಿದ್ದರು. ಎಲ್ಲಿಗೆ ಎಂದು ಅವರು ಕೇಳಿದ್ದು ಮೇಲಿದ್ದವಳಿಗೆ ಕೇಳಿಸಿತು. ಅವನು ಆ ಹೆಂಗಸಿನ ಮಾತೆತ್ತಲಿಲ್ಲ. "ಈ ಮನೇಲಿ ಊಟಕ್ಕೆ ಕೂತ್ರೆ ನೀವೂ ಅವಳೂ ಕಂಪ್ಯೂಟರಿನ ಬಿಟ್ಟು, ಬೈಟು ಅಂತ ಶುರು ಮಾಡ್ತೀರಿ. ನಾನೂ ಅಮ್ಮನೂ ಗೋಡೆ ನೋಡ್ಕೊಂಡು ಉಣ್ಬೇಕು. ನಂಗೆ ಸಾಕಾಗಿದೆ ಅಪ್ಪ," ಎಂದ. ಬಾಗಿಲು ಮುಚ್ಚಿದ ಸದ್ದಾಯಿತು. ಸಿಟ್ಟಿನಿಂದ ಬಡಿದದ್ದಲ್ಲ, ಪಕ್ಕದ ಮನೆಯವರಿಗೆ ತೊಂದರೆಯಾಗದ ಹಾಗೆ ಮೆಲ್ಲಗೆ ಎಳೆದುಕೊಂಡದ್ದು.

ಅವನು ಹೇಳಿದ್ದು ನಿಜವಾದ ಕಾರಣವಲ್ಲ ಎಂದು ಅವಳೊಬ್ಬಳಿಗೆ ಗೊತ್ತಿತ್ತು. ಆದರೂ ಕೆಳಗಿಳಿದು ಹೋಗಿ ಹೇಳಲಿಲ್ಲ. ಅವರ ಮಗನ ಬಗ್ಗೆ ಅವರಿಗೆ ಇನ್ನೊಂದು ಕೆಟ್ಟ ಸುದ್ದಿಯನ್ನು ತಾನೇ ಯಾಕೆ ಕೊಡಬೇಕು, ಬೇಕಿದ್ದರೆ ಅವನೇ ಹೇಳಿಕೊಳ್ಳಲಿ ಎಂದುಕೊಂಡಳು.

ಹಾಗೆ ನೋಡಿದರೆ ಅವಳಿಗೆ ಗಂಡನಿಗಿಂತ ಮೊದಲು ಸಿಕ್ಕಿದವರು ಮಾವ. ಇಬ್ಬರ ಕಸುಬೂ ಒಂದೇ, ಹೈಪರ್‌ವೈಸರ್. ಒಂದೇ ಕಂಪ್ಯೂಟರಿನ ಹೊಟ್ಟೆಯಲ್ಲಿ ಹತ್ತಾರು ಕಂಪ್ಯೂಟರುಗಳನ್ನು ಸಾಕುವ ತಂತ್ರಾಂಶ ಅದು. ಒಳಗಿನ ಪ್ರತಿಯೊಂದು ಅತಿಥಿ ಯಂತ್ರವೂ ಇಡೀ ಮನೆ ತನ್ನದೇ ಎಂದು ನಂಬಿಕೊಂಡು ಬದುಕುವಂತೆ ನೋಡಿಕೊಳ್ಳುವುದೇ ಅದರ ಕೆಲಸ. ಆ ಕೋಡು ಯಾರ ಸ್ವತ್ತೂ ಅಲ್ಲ, ಎಲ್ಲರೂ ಓದಬಹುದು. ತಿದ್ದುಪಡಿ ಬೇಕೆನಿಸಿದವರು ಪ್ಯಾಚು ಎಂಬ ಸಣ್ಣ ತೇಪೆ ಬರೆದು ಎಲ್ಲರ ಕಣ್ಣಿಗೂ ಬೀಳುವ ಮೇಲ್ ಬಳಗಕ್ಕೆ ಕಳಿಸುತ್ತಾರೆ. ಒಂದೊಂದು ಭಾಗಕ್ಕೆ ಒಬ್ಬ ಉಸ್ತುವಾರಿ. ಅವರು ಓದಿ ಒಪ್ಪಿದರೆ ಮಾತ್ರ ತೇಪೆ ಮುಖ್ಯ ಕೋಡಿಗೆ ಸೇರುತ್ತದೆ. ಪ್ರೊಸೆಸರಿಗೆ ಸಂಬಂಧಿಸಿದ ಭಾಗಕ್ಕೆ ಮಾವ ಉಸ್ತುವಾರಿಯಾಗಿದ್ದರು, ಅದೂ ಅವಳು ಕಾಲೇಜಿನ ಮೆಟ್ಟಿಲು ಹತ್ತುವ ಮೊದಲಿನಿಂದ. ಅವರ ಜಿಗುಟುತನ ಬಳಗದಲ್ಲೆಲ್ಲ ಹೆಸರುವಾಸಿ. ಅವಳ ಮೊದಲ ಪ್ಯಾಚನ್ನು ಅವರು ಮತ್ತೆ ಮತ್ತೆ ವಾಪಸ್ಸು ಕಳಿಸಿದರು. ಕೊನೆಯ ಸಲ ಕಳಿಸಿದ್ದು ಟಿಪ್ಪಣಿಯಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ ಎಂದು. ಈ ಮನುಷ್ಯ ತನ್ನ ಊರಿನಲ್ಲೇ ಇದ್ದಾನೆಂದು ತಿಳಿದು, ಪ್ಯಾಚನ್ನು ಅಚ್ಚು ಹಾಕಿಸಿಕೊಂಡು ಹೋಗಿ ಮನೆಯ ಗಂಟೆ ಒತ್ತಿದ್ದಳು. ಬಾಗಿಲು ತೆಗೆದವನು ಮಗ. ಒಳಗೆ ತಿರುಗಿ, "ಅಪ್ಪ, ಯಾರೋ ಜಗಳಕ್ಕೆ ಬಂದಿದ್ದಾರೆ!" ಎಂದು ಕೂಗಿದ್ದ.

ಮದುವೆಯ ನಂತರ ಕಚೇರಿಯಲ್ಲಿ ಅವಳ ಹೆಸರೇ 'ಸೊಸೆ' ಎಂದಾಗಿಬಿಟ್ಟಿತ್ತು. ಮಾವ ಒಂದು ಕಟ್ಟುನಿಟ್ಟು ಮಾಡಿದ್ದರು. ಅವಳ ಪ್ಯಾಚುಗಳ ಬಗ್ಗೆ ಮನೆಯಲ್ಲಿ ಮಾತಿಲ್ಲ, ಏನಿದ್ದರೂ ಬಳಗದಲ್ಲಿ, ಎಲ್ಲರೆದುರಿಗೆ. ಊಟದ ಮೇಜಿನಲ್ಲಿ ಊರವರ ಕೋಡನ್ನೆಲ್ಲ ಇಬ್ಬರೂ ಸೇರಿ ಹರಿದು ಹಾಕುತ್ತಿದ್ದರು. ಅವಳದ್ದಕ್ಕೆ ಮಾತ್ರ ಬಾಯಿಗೆ ಬೀಗ. ಆಮೇಲೆ ತಮ್ಮ ಕೋಣೆಗೆ ಹೋಗಿ, ಒಂದೇ ಗೋಡೆಯ ಆಚೆ ಕೂತು, ಮೇಲ್ ಬರೆದು ಅವಳ ಕೋಡನ್ನು ಹಿಂಜುತ್ತಿದ್ದರು. ಬೇರೆಯವರ ಪ್ಯಾಚಿಗೆ ಒಂದು ಜರಡಿಯಾದರೆ ಸೊಸೆಯದ್ದಕ್ಕೆ ಎರಡು. ನಾಳೆ ಯಾರೂ ಬೆರಳು ತೋರಿಸಬಾರದು.

ಗಂಡ ಹೋಗುವ ಹೊತ್ತಿಗೆ ಅವಳ ಕೈಯಲ್ಲಿ ಒಂದು ಕೆಲಸ ಅರ್ಧವಾಗಿತ್ತು. ಪ್ರೊಸೆಸರಿನೊಳಗೆ ಕಂಟ್ರೋಲ್ ರಿಜಿಸ್ಟರ್ ಎಂಬ ಕೆಲವು ಜಾಗಗಳಿವೆ. ಅವನ್ನು ಸ್ವಿಚ್ಚುಗಳ ಸಾಲು ಎನ್ನಬಹುದು, ಸೊನ್ನೆಯೋ ಒಂದೋ ಆಗಿರುವ ಪ್ರತಿ 'ಬಿಟ್ಟೂ' ಒಂದು ಸ್ವಿಚ್ಚು. ಅತಿಥಿ ಯಂತ್ರ ಯಾವ ಸ್ವಿಚ್ಚನ್ನು ಹಾಕಿಕೊಂಡಿದೆ ಎಂದು ಹೈಪರ್‌ವೈಸರ್ ಆಗಾಗ ನೋಡಬೇಕಾಗುತ್ತದೆ. ಇದನ್ನು ಅವಳಿಗಿಂತ ಚೆನ್ನಾಗಿ ಅತ್ತೆ ವಿವರಿಸುತ್ತಿದ್ದರು. ಅತ್ತೆ ಪಕ್ಕದ ಬೀದಿಯ ಬಾಡಿಗೆ ಕಟ್ಟಡವೊಂದನ್ನು ನೋಡಿಕೊಳ್ಳುತ್ತಿದ್ದರು. ಒಮ್ಮೆ ನಾದಿನಿ ಫೋನಿನಲ್ಲಿ ಕೇಳಿದಾಗ ಹೀಗೆ ಹೇಳಿದ್ದರು:

"ನೋಡೇ, ಮನೆ ಒಳಗಿನ ದೀಪ ಬಾಡಿಗೆಯವರ ಕೈಲಿರುತ್ತೆ. ಅವರು ಯಾವಾಗ ಹಾಕಿದ್ರು, ಯಾವಾಗ ಆರ್ಸಿದ್ರು ನಂಗೇನು ಗೊತ್ತು? ಬೇಕಿದ್ರೆ ಮೆಟ್ಲು ಹತ್ತಿ ಹೋಗಿ ನೋಡ್ಕೊಂಡು ಬರ್ಬೇಕು. ಆದ್ರೆ ಮೇನ್ ಸ್ವಿಚ್ಚು ನನ್ ಕೈಲೇ ಇರುತ್ತಲ್ಲ, ಅದು ಆನಾ ಆಫಾ ಅಂತ ನೋಡೋಕೆ ಮೆಟ್ಲು ಹತ್ತೋದು ಯಾಕೆ? ನಿಮ್ಮಪ್ಪನ ಹಳೇ ಕೋಡು ಎರಡಕ್ಕೂ ಒಂದೇ ಥರ ತಡಕಾಡುತ್ತಂತೆ. ಇವಳು ಅದನ್ನ ಸರಿ ಮಾಡ್ತಿದ್ದಾಳೆ. ಅಷ್ಟೇ ಕಣೇ. ಇದಕ್ಕೆ ಇಬ್ರೂ ಇಷ್ಟು ತಲೆ ಕೆಡಿಸ್ಕೊಳ್ತಾರೆ."

ಹೆಚ್ಚು ಕಡಿಮೆ ಅಷ್ಟೇ. ಹಳೆಯ ಕೋಡು ಎಷ್ಟು ಬಿಟ್ಟುಗಳನ್ನು ಬೇಕಾದರೂ ಒಟ್ಟಿಗೆ ಕೇಳಬಹುದಾದ ರೀತಿಯಲ್ಲಿತ್ತು. ಕೇಳಿದ್ದು ಯಾವ ಬಿಟ್ಟು, ಅದು ಅತಿಥಿಯ ಕೈಯಲ್ಲಿದೆಯೋ ನಮ್ಮ ಕೈಯಲ್ಲಿದೆಯೋ ಎಂದು ಪ್ರತಿ ಸಲವೂ ಓಡುತ್ತಿರುವಾಗಲೇ ಲೆಕ್ಕ ಹಾಕುತ್ತಿತ್ತು. ಆದರೆ ಕೇಳುವವರಲ್ಲಿ ಹೆಚ್ಚಿನವರು ಕೇಳುತ್ತಿದ್ದದ್ದು ಒಂದೇ ಬಿಟ್ಟನ್ನು. ಅದು ಯಾವುದೆಂದು ಕೋಡು ಬರೆಯುವಾಗಲೇ ಗೊತ್ತಿರುತ್ತದೆ. ಹಾಗಾದರೆ ಆ ಲೆಕ್ಕವನ್ನು, ಬರೆದ ಕೋಡನ್ನು ಯಂತ್ರದ ಭಾಷೆಗೆ ಇಳಿಸಿ ಕಟ್ಟುವಾಗಲೇ ಮುಗಿಸಿಬಿಡಬಹುದು. ನಮ್ಮ ಕೈಯಲ್ಲಿರುವ ಬಿಟ್ಟಾದರೆ ಇಟ್ಟುಕೊಂಡ ನಕಲನ್ನೇ ನೋಡಿದರಾಯಿತು, ಪ್ರೊಸೆಸರನ್ನು ಕೇಳಲು ಹೋಗಬೇಕಿಲ್ಲ. ಒಂದು ಪ್ರಶ್ನೆಗೆ ಉಳಿಯುವ ಹೊತ್ತು ಎಳ್ಳು ಕಾಳಿನಷ್ಟು. ಆದರೆ ಆ ಪ್ರಶ್ನೆ ಬೀಳುವುದು ಕೋಟಿ ಸಲ. ಹನಿಗೂಡಿದರೆ ಹಳ್ಳ.

ಆ ವಾರ ಅವಳು ಅದನ್ನೇ ಮಾಡಿದಳು. ಹಳೆಯ ರೀತಿಯಲ್ಲಿ ಕೇಳುತ್ತಿದ್ದ ಜಾಗಗಳನ್ನು ಒಂದೊಂದಾಗಿ ಹುಡುಕಿ ಹೊಸ ರೀತಿಗೆ ಬದಲಾಯಿಸಿದಳು. ಕೆಲಸ ಕೈಗೆ ಸಲೀಸಾಗಿ ಬರುತ್ತಿತ್ತು. ಮಧ್ಯೆ ಒಮ್ಮೆ ತಾನು ಕುಡಿಯುತ್ತಿದ್ದ ಚಹಾ ಪಕ್ಕದ ಮೇಜಿನವಳದ್ದೆಂದು ಆಕೆಯೇ ಹೇಳಿದ ಮೇಲೆ ತಿಳಿಯಿತು. ಪಕ್ಕದ ಮೇಜಿನವಳ ಕೆಲಸ ಪರೀಕ್ಷೆ. ಬಂದ ಕೋಡನ್ನೆಲ್ಲ ಸಾಲು ಸಾಲು ಯಂತ್ರಗಳ ಮೇಲೆ ಓಡಿಸಿ ಬೀಳಿಸಿ ನೋಡುವವಳು. ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು 'ಭೂಕಂಪ' ಎಂದು.

"ಸೊಸೆ, ಮೂರು ದಿನದಿಂದ ಅದೇ ಡ್ರೆಸ್ಸು," ಎಂದಳು ಭೂಕಂಪ, ಬೇರೆ ಯಾರಿಗೂ ಕೇಳಿಸದಂತೆ.

"ಹೌದಾ?"

"ಮನೇಲಿ ಎಲ್ಲ ಸರಿ ಇದೆಯಾ?"

"ಗಂಡ ಹೋದ."

"ಎಲ್ಲಿಗೆ?"

"ಬಿಟ್ಟು ಹೋದ."

ಭೂಕಂಪ ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು. ಏನಾದರೂ ಹೇಳಬೇಕೆಂಬುದು ಅವಳ ಮುಖದಲ್ಲಿ ಬಂದು ಹೋಗುತ್ತಿತ್ತು. ಅದನ್ನು ಕಾಯುವ ವ್ಯವಧಾನವಿಲ್ಲದೆ ಇವಳು ಪರದೆಯ ಕಡೆ ತಿರುಗಿದಳು. ಅವಳ ಬೆನ್ನ ಮೇಲೆ ಒಂದು ಕೈ ಸ್ವಲ್ಪ ಹೊತ್ತು ಇತ್ತು. ಆಮೇಲೆ ಇರಲಿಲ್ಲ.

ಮನೆಯಲ್ಲಿ ಊಟದ ಮೇಜಿನ ಮಾತು ನಿಂತುಹೋಗಿತ್ತು. ಮಾವ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ಬಾಯಿ ತೆರೆದರೆ ಇವತ್ತು ಸೆಕೆ ಜಾಸ್ತಿ, ಎದುರು ಮನೆಯವರು ಗೇಟಿಗೆ ಬಣ್ಣ ಹೊಡೆಸಿದ್ದಾರೆ, ಇಷ್ಟೇ. ಅವಳು ಒಂದು ಸಲ, "ಹೊಸ ಪ್ರೊಸೆಸರಿನ ಕೈಪಿಡಿ ಬಂದಿದೆಯಂತೆ," ಎಂದು ಶುರು ಮಾಡಿದಳು. ಅವರು ಬೆದರಿದವರ ಹಾಗೆ ಅತ್ತೆಯ ಕಡೆ ನೋಡಿ, "ಅದೆಲ್ಲ ಈಗ ಯಾಕಮ್ಮ. ಊಟ ಮಾಡು," ಎಂದುಬಿಟ್ಟರು.

ಅತ್ತೆಯ ದುಃಖಕ್ಕೆ ಮಾತ್ರ ಬಾಯಿತ್ತು. ಪಾತ್ರೆ ತಿಕ್ಕುತ್ತಾ, ಬಟ್ಟೆ ಹಿಂಡುತ್ತಾ ಮಗನನ್ನು ಬೈಯುತ್ತಿದ್ದರು. "ಹೆತ್ತವರಿಗೆ ಹೆಗ್ಗಣ ಮುದ್ದಂತೆ. ನಂಗೀಗ ಆ ಹೆಗ್ಗಣ ಕಂಡ್ರೆ ಆಗಲ್ಲ. ಊಟದ ಟೇಬಲ್ ಮಾತಿಗೆ ಯಾರಾದ್ರೂ ಸಂಸಾರ ಬಿಟ್ಟು ಹೋಗ್ತಾರಾ? ಹಾಗಿದ್ರೆ ನಾನು ಮೂವತ್ತು ವರ್ಷದ ಹಿಂದೇನೇ ಹೋಗ್ಬೇಕಿತ್ತು." ಆಮೇಲೆ ಅವಳ ತಟ್ಟೆಗೆ ಇನ್ನಷ್ಟು ಬಡಿಸಿ, "ತಿನ್ನು. ನೀನು ಅಳೋದೂ ಇಲ್ಲ, ತಿನ್ನೋದೂ ಇಲ್ಲ," ಎನ್ನುತ್ತಿದ್ದರು. ಅವಳು ತಿನ್ನುತ್ತಿದ್ದಳು. ಸಾಕು ಎಂದು ಹೊಟ್ಟೆ ಹೇಳುತ್ತಿರಲಿಲ್ಲ, ಬೇಕು ಎಂದೂ ಹೇಳುತ್ತಿರಲಿಲ್ಲ.

ಪ್ಯಾಚು ಮುಗಿಸಿ ಬಳಗಕ್ಕೆ ಕಳಿಸಿದ ದಿನವೇ, ರಾತ್ರಿ ಅವಳು ತನ್ನ ಕೋಣೆಯಲ್ಲಿದ್ದಾಗ, ಮಾವನ ಉತ್ತರ ಬಂತು. "ಚೆನ್ನಾಗಿದೆ. ಒಪ್ಪಿದ್ದೇನೆ." ಅಷ್ಟೇ.

ಅವಳು ಅದನ್ನು ಮತ್ತೆ ಓದಿದಳು. ಅವರು ಇಷ್ಟು ವರ್ಷದಲ್ಲಿ ಯಾರಿಗೂ ಚೆನ್ನಾಗಿದೆ ಎಂದು ಬರೆದದ್ದಿಲ್ಲ. ಅವರ ಮೆಚ್ಚುಗೆಯ ಪರಮಾವಧಿ ಎಂದರೆ 'ಬೇರೆ ಆಕ್ಷೇಪವಿಲ್ಲ'. ಅವಳ ಪ್ಯಾಚಿನಲ್ಲಿ ಅವರು ಜಗಳ ತೆಗೆಯಲೇಬೇಕಾದ ಜಾಗಗಳು ಎದ್ದು ಕಾಣುವಂತಿದ್ದವು. ಹೊಸ ಫಂಕ್ಷನ್ನಿನ, ಎಂದರೆ ಆ ಪ್ರಶ್ನೆ ಕೇಳುವ ಕೋಡಿನ ತುಣುಕಿನ, ಹೆಸರು ಉದ್ದವಾಗಿತ್ತು. ಒಂದೇ ಬಿಟ್ಟು ಕೇಳಬೇಕೆಂಬ ನಿಯಮ ಮುರಿದರೆ ಕೋಡು ಕಟ್ಟುವಾಗಲೇ ತಡೆಯುವ ಕಾವಲನ್ನು ಒಂದು ಕಡೆ ಇಟ್ಟು ಇನ್ನೊಂದು ಕಡೆ ಮರೆತಿದ್ದಳು. ಮರೆತದ್ದು ಅವಳಿಗೆ ಕಳಿಸಿದ ಮೇಲೆ ಗೊತ್ತಾಗಿತ್ತು. ಅವರು ಅದನ್ನು ಹಿಡಿಯುತ್ತಾರೆ, ತಿದ್ದಿ ಎರಡನೆಯದನ್ನು ಕಳಿಸಿದರಾಯಿತು ಎಂದು ಸುಮ್ಮನಿದ್ದಳು.

ಪಕ್ಕದ ಮನೆಯಲ್ಲಿ ಯಾರೋ ಕುರ್ಚಿ ಎಳೆದರು. ಗೋಡೆಯಾಚೆ ಮಾವ ಕೆಮ್ಮಿದರು.

ಮರುದಿನ ಬೆಳಿಗ್ಗೆ ಕಚೇರಿಗೆ ಹೊರಡುವ ಮೊದಲು ಕಂಪ್ಯೂಟರಿನ ಮುಂದೆ ಕೂತಳು. ಮರೆತ ಕಾವಲನ್ನು ಸೇರಿಸಿದಳು. ಆಮೇಲೆ, ಈ ಬಿಟ್ಟು ಅತಿಥಿಯ ಕೈಯಲ್ಲಿ ಇಲ್ಲದಿದ್ದರೆ ನಕಲು ಸಾಕು ಎಂದು ಹೇಳುವ ಸಾಲಿಗೆ ಹೋದಳು. ಆ 'ಇಲ್ಲದಿದ್ದರೆ' ಎಂಬುದು ಕೋಡಿನಲ್ಲಿ ಒಂದು ಉದ್ಗಾರ ಚಿಹ್ನೆ, ಒಂದು ಕಡ್ಡಿ ಒಂದು ಚುಕ್ಕೆ. ಅದನ್ನು ಅಳಿಸಿದಳು. ಈಗ ಅರ್ಥ ತಿರುಗುಮುರುಗಾಯಿತು. ಬಾಡಿಗೆಯವರ ದೀಪಕ್ಕೆ ಹಳೆಯ ನಕಲು ನೋಡುವುದು, ತನ್ನ ಕೈಯಲ್ಲೇ ಇರುವ ಮೇನ್ ಸ್ವಿಚ್ಚಿಗೆ ಮೆಟ್ಟಿಲು ಹತ್ತುವುದು. ಕೋಡು ಕಲಿಯುವ ಮಕ್ಕಳೂ ಹಿಡಿಯುವ ತಪ್ಪು. ಕಳಿಸುವ ಗುಂಡಿ ಒತ್ತಿದಳು. ಅವರು ಹಿಡಿದರೆ ಆಯಿತು, ಹಿಡಿಯದಿದ್ದರೆ ಮಧ್ಯಾಹ್ನದೊಳಗೆ ತಾನೇ ಹಿಂದಕ್ಕೆ ತೆಗೆದುಕೊಂಡರಾಯಿತು ಎಂಬಷ್ಟು ಮಾತ್ರ ತಲೆಯಲ್ಲಿತ್ತು. ಒಪ್ಪಿದ ಪ್ಯಾಚನ್ನು ಮಾವ ಒಂದು ವಾರವಾದರೂ ಮಗ್ಗುಲಲ್ಲಿಟ್ಟುಕೊಂಡು ಕಾಯುತ್ತಾರೆ, ಆಮೇಲಷ್ಟೇ ಮುಖ್ಯ ಕೋಡಿಗೆ ಸೇರಿಸುವುದು.

ಬಸ್ಸಿಳಿದು ಕಚೇರಿಯ ಒಳಗೆ ಕಾಲಿಡುವಾಗಲೇ ಭೂಕಂಪ ನಿಂತುಕೊಂಡಿದ್ದಳು.

"ನನ್ ಯಂತ್ರಗಳು ಒಂದೂ ಮೇಲೇಳ್ತಿಲ್ಲ. ಎಲ್ಲ ಅರ್ಧ ಶುರುವಾಗಿ ಕಲ್ಲಾಗಿ ನಿಂತಿವೆ. ಹೊಸದಾಗಿ ಸೇರಿದ್ದು ಒಂದೇ ಪ್ಯಾಚು ಸೊಸೆ. ನಿಂದು."

"ಸೇರಿಸಿಬಿಟ್ರಾ?"

"ಬೆಳಿಗ್ಗೇನೇ. ನಿಮ್ಮ ಮಾವ ಕಣ್ಣು ಮುಚ್ಕೊಂಡು ಸೇರ್ಸಿದ ಹಾಗಿದೆ." ಅದನ್ನು ತಮಾಷೆಗೆಂದು ಶುರು ಮಾಡಿದವಳು ಕೊನೆಗೆ ಬರುವಷ್ಟರಲ್ಲಿ ದನಿ ತಗ್ಗಿಸಿದಳು.

ತಪ್ಪು ಹುಡುಕಲು ಭೂಕಂಪಳಿಗೆ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಪರದೆಯ ಮೇಲೆ ಬೆರಳಿಟ್ಟು, "ಇಲ್ಲಿ ಉದ್ಗಾರ ಎಲ್ಲಿ ಹೋಯ್ತು?" ಎಂದಳು. ಅಷ್ಟರಲ್ಲಿ ಬಳಗದಲ್ಲಿ ದೂರುಗಳು ಬೀಳತೊಡಗಿದ್ದವು. ಬೇರೆ ಬೇರೆ ದೇಶಗಳಲ್ಲಿ ಆ ಬೆಳಿಗ್ಗೆ ಹೊಸ ಕೋಡು ಇಳಿಸಿಕೊಂಡವರ ಯಂತ್ರಗಳೆಲ್ಲ ಕಲ್ಲಾಗಿದ್ದವು. ಕೋಡಿನಲ್ಲಿ ಮೆಮೊರಿಯ ಭಾಗಕ್ಕೆ ಉಸ್ತುವಾರಿಯಾಗಿದ್ದ ಇನ್ನೊಬ್ಬ ಹಿರಿಯನಿಗೆ 'ಕತ್ತರಿ' ಎಂದು ಅಡ್ಡಹೆಸರು. ಅವನು ಬರೆದಿದ್ದ: "ಇದನ್ನು ಯಾರಾದರೂ ಓದಿದಿರಾ? ಅಥವಾ ಮನೆಯ ಹುಡುಗಿಯದೆಂದು ಹಾಗೇ ಬಿಟ್ಟಿರಾ?"

ಅವಳು ಆ ಸಾಲನ್ನು ಓದಿದಳು. ಮುಖ ಬಿಸಿಯಾಗಬೇಕಿತ್ತು, ಆಗಲಿಲ್ಲ. ಪ್ಯಾಚನ್ನು ಹಿಂದಕ್ಕೆ ತೆಗೆಯುವಂತೆ ಒಂದು ಸಾಲು ಬರೆದು ಕಳಿಸಿ, ಚೀಲ ಹೆಗಲಿಗೆ ಹಾಕಿಕೊಂಡು, ಬಂದ ಬಸ್ಸಿನ ದಿಕ್ಕಿಗೇ ವಾಪಸ್ಸು ಹೊರಟಳು.

ಮಾವ ತಮ್ಮ ಕೋಣೆಯಲ್ಲಿ ಮೇಜಿನ ಮುಂದೆ ಕೂತಿದ್ದರು. ಪರದೆಯ ಮೇಲೆ ಕತ್ತರಿಯ ಸಾಲು ಹಾಗೇ ಇತ್ತು. ಅವರು ಪ್ಯಾಚನ್ನು ಆಗಲೇ ಕಿತ್ತು ಹಾಕಿದ್ದರು. ಕನ್ನಡಕ ಮೇಜಿನ ಮೇಲಿತ್ತು. ಅವಳು ಬಾಗಿಲಲ್ಲೇ ನಿಂತಳು.

"ನೀವು ಓದಿಲ್ಲ ಮಾವ."

ಅವರು ಕನ್ನಡಕವನ್ನು ಕೈಗೆತ್ತಿಕೊಂಡರು.

"ಮೊದಲನೇದೂ ಓದಿಲ್ಲ."

"ಓದೋಕೆ ಕೂತೆ," ಎಂದರು ಮಾವ. "ಮೇಲೆ ನಿನ್ ಹೆಸರಿತ್ತು. ನೋಡಿದ ಕೂಡ್ಲೆ ಅವನು ಮೆಟ್ಲ ಹತ್ರ ಹೇಳಿದ್ದು ಕಿವೀಲಿ ಕೇಳುತ್ತೆ. ನನ್ನಿಂದ ನಿನ್ ಸಂಸಾರ ಹಾಳಾಯ್ತು. ಇನ್ನು ನಿನ್ ಕೆಲಸದಲ್ಲೂ ತಪ್ಪು ಹುಡುಕ್ಲಾ ನಾನು? ಪಾಪ, ಹೋಗ್ಲಿ, ಒಂದಾದ್ರೂ ಸುಸೂತ್ರವಾಗ್ಲಿ ಅಂತ..."

"ಉದ್ಗಾರ ನಾನೇ ತೆಗ್ದಿದ್ದು."

"ಏನು?"

"ಬೇಕಂತಲೇ ತೆಗ್ದೆ. ನೀವು ಓದ್ತೀರೋ ಇಲ್ವೋ ನೋಡೋಕೆ."

ಮಾವ ನಿಧಾನವಾಗಿ ಎದ್ದರು. ಅವರು ಜೋರಾಗಿ ಮಾತಾಡಿದ್ದನ್ನು ಅವಳು ಅಲ್ಲಿಯವರೆಗೆ ಕೇಳಿರಲಿಲ್ಲ. ಅವರ ಜಿಗುಟೆಲ್ಲ ಬರವಣಿಗೆಯಲ್ಲಿ, ಬಾಯಲ್ಲಿ ಅವರು ಮೃದು.

"ಬೇಕಂತ? ಊರವರ ಯಂತ್ರ ಏನು ನಿನ್ ಆಟದ ಸಾಮಾನಾ? ಆ ಯಂತ್ರದಲ್ಲಿ ಯಾರ ಕೆಲಸ ಓಡ್ತಿದೆ ಅಂತ ನಿಂಗೆ ಗೊತ್ತಾ? ನನ್ ಮೇಲೆ ಸಿಟ್ಟಿದ್ರೆ ಬಂದು ಈ ಬಾಗಿಲು ಬಡೀಬೇಕಿತ್ತು. ತಟ್ಟೆ ಎಸೀಬೇಕಿತ್ತು. ಕೋಡಲ್ಲಿ ಸುಳ್ಳು ಬರೀತೀಯಾ? ಇಷ್ಟು ವರ್ಷ ನಿಂಗೆ ಕಲ್ಸಿದ್ದು ಇದಾ?" ಅವರು ಪರದೆಗೆ ಬೆರಳು ಕುಟ್ಟಿದರು. "ಆ ಮೊದಲನೇ ಪ್ಯಾಚಿನ ಫಂಕ್ಷನ್ ಹೆಸರೋ, ಅಯ್ಯೋ, ಅದೇನು ಹೆಸರಾ, ಗೂಡ್ಸ್ ಗಾಡಿಯಾ? ಒಂದು ಕಡೆ ಕಾವಲಿದೆ, ಇನ್ನೊಂದು ಕಡೆ ಇಲ್ಲ! ಈಗ ಓದ್ದೆ ನೋಡು, ನೀನು ಬರೋಕೆ ಮೊದಲು. ಕತ್ತೆ ಕೂಡ ಹಾಗೆ ಬರೆಯಲ್ಲ!"

ಅಡುಗೆಮನೆಯಿಂದ ಅತ್ತೆ ಕೈ ಒರೆಸಿಕೊಳ್ಳುತ್ತಾ ಓಡಿ ಬಂದರು. ಗಂಡನನ್ನು ತಡೆಯಲು ಬಂದವರು ಸೊಸೆಯ ಮುಖ ನೋಡಿ ಅಲ್ಲೇ ನಿಂತರು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಮುಖ ಮಾತ್ರ ಇದ್ದ ಹಾಗೇ ಇತ್ತು, ಬೇರೆ ಯಾರದೋ ಕಣ್ಣೀರು ಅವಳ ಮುಖದ ಮೇಲೆ ದಾರಿ ಮಾಡಿಕೊಂಡ ಹಾಗೆ.

"ಬೈಯ್ರಿ," ಎಂದರು ಅತ್ತೆ. "ನಿಲ್ಲಿಸ್ಬೇಡಿ, ಬೈಯ್ರಿ."

ಆದರೆ ಮಾವನ ಕೋಪ ಅಷ್ಟರಲ್ಲಿ ಖಾಲಿಯಾಗಿತ್ತು. ಕುರ್ಚಿಯಲ್ಲಿ ಕುಸಿದು ಕೂತರು. ಅವಳು ಅಂಗೈಯಿಂದ ಮುಖ ಒರೆಸಿಕೊಂಡು ಹೇಳಿದಳು:

"ಟೇಬಲ್ ಮಾತಿಗೆ ಅಲ್ಲ ಮಾವ ಅವರು ಹೋಗಿದ್ದು. ಕ್ಲಿನಿಕ್‌ನಲ್ಲಿ ಒಬ್ಬಳಿದ್ದಾಳೆ. ಅವಳ ಜೊತೆ ಇದ್ದಾರೆ. ನಂಗೆ ಅವತ್ತೇ ಹೇಳಿದ್ರು. ನಿಮಗೆ ಅವರೇ ಹೇಳ್ಲಿ ಅಂತ ಸುಮ್ಮನಿದ್ದೆ."

ಅತ್ತೆ ಬಾಗಿಲ ಚಿಲಕ ಹಿಡಿದುಕೊಂಡರು. ಮಾವ ಕನ್ನಡಕದ ಕಡ್ಡಿಯನ್ನು ಮಡಿಸಿದರು, ಬಿಡಿಸಿದರು.

"ನಂಗೆ ನೋವಾಗ್ಬಾರ್ದು ಅಂತ ನೀನು ಹೇಳ್ಲಿಲ್ಲ. ನಿಂಗೆ ನೋವಾಗ್ಬಾರ್ದು ಅಂತ ನಾನು ಓದ್ಲಿಲ್ಲ," ಎಂದರು. "ಚೆನ್ನಾಗಿ ನಡೆಸಿದ್ವಿ ಸಂಸಾರ."

"ಆ ಹೆಗ್ಗಣಕ್ಕೆ ಫೋನ್ ಮಾಡ್ತೀನಿ ಈಗ," ಎಂದು ಅತ್ತೆ ಹೊರಗೆ ಹೋದರು. ಮಾಡಲಿಲ್ಲ. ಹಜಾರದಲ್ಲಿ ಫೋನು ಹಿಡಿದುಕೊಂಡು ಕೂತೇ ಇದ್ದರು.

ಬಳಗಕ್ಕೆ ಏನು ಬರೆಯುವುದು ಎಂಬ ಪ್ರಶ್ನೆ ಉಳಿದಿತ್ತು. ಕೈತಪ್ಪು ಎಂದು ಬರೆದರೆ ಯಾರೂ ಅನುಮಾನಿಸುತ್ತಿರಲಿಲ್ಲ. ಮಾವ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವಳು ಹಾಗೆ ಬರೆದರೆ ತಾವು ತಡೆಯುವುದಿಲ್ಲ ಎಂಬಂತೆ ಕಾಯುತ್ತಿದ್ದರು. ಅವಳು ತನ್ನ ಕೋಣೆಗೆ ಹೋಗಿ, ತಪ್ಪನ್ನು ಗೊತ್ತಿದ್ದೇ ಸೇರಿಸಿ ಕಳಿಸಿದ್ದು, ಕಾರಣ ಮನೆಯದು, ಅದಕ್ಕೂ ಕೋಡಿಗೂ ಸಂಬಂಧವಿಲ್ಲ, ಕ್ಷಮೆ ಕೇಳುತ್ತೇನೆ ಎಂದು ಬರೆದಳು. ಅದರ ಕೆಳಗೆ ಮಾವ ಬರೆದರು: ಓದದೆ ಒಪ್ಪಿದೆ, ಇನ್ನು ಮುಂದೆ ಅವಳ ಪ್ಯಾಚುಗಳನ್ನು ನಾನು ನೋಡುವುದಿಲ್ಲ, ಬೇರೆಯವರು ನೋಡಲಿ.

ಪರಿಣಾಮ ಆಗಬೇಕಾದಂತೆಯೇ ಆಯಿತು. ಕಚೇರಿಯ ಮೇಲಧಿಕಾರಿ ಕರೆದು, ಇಂಥದ್ದು ಇನ್ನೊಮ್ಮೆ ಆದರೆ ಕೆಲಸ ಉಳಿಯುವುದಿಲ್ಲ ಎಂದು ಹೇಳಿ, ಅವಳನ್ನು ಕೆಲವು ಕಾಲ ಹಳೆಯ ದೂರುಗಳಿಗೆ ಉತ್ತರ ಬರೆಯುವ ಕೆಲಸಕ್ಕೆ ಹಾಕಿದ. ಬಳಗದಲ್ಲಿ ಕೆಲವರು ಅವಳ ಹಳೆಯ ಪ್ಯಾಚುಗಳನ್ನೆಲ್ಲ ಮತ್ತೆ ತೆಗೆದು ಓದಿದರು. ಒಂದರಲ್ಲೂ ಸುಳ್ಳು ಸಿಗಲಿಲ್ಲ, ಆದರೂ ಓದಿದರು. ಭೂಕಂಪ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಚಹಾ ತಂದಿಟ್ಟು, "ನನ್ ಯಂತ್ರಗಳ ಹತ್ರ ಸಾರಿ ಕೇಳು. ಆಮೇಲೆ ಕುಡಿ," ಎಂದಳು. ಅವಳು ನಿಜಕ್ಕೂ ಎದ್ದು, ಗಾಜಿನಾಚೆ ಗುಂಯ್‌ಗುಡುತ್ತಿದ್ದ ಯಂತ್ರಗಳ ಕಡೆ ತಿರುಗಿ "ಸಾರಿ" ಎಂದಳು. ಭೂಕಂಪ ನಗಲು ಶುರು ಮಾಡಿ ನಿಲ್ಲಿಸಲಾಗದೆ ಮೇಜಿಗೆ ತಲೆ ಇಟ್ಟಳು. ತಾನೂ ನಗಬಹುದು ಎಂದು ಇವಳಿಗೆ ಅನ್ನಿಸಿತು. ನಗಲಿಲ್ಲ, ಅನ್ನಿಸಿದ್ದು ಮಾತ್ರ ಹೌದು.

ಪ್ಯಾಚನ್ನು ಕೈಗೆತ್ತಿಕೊಂಡವನು ಕತ್ತರಿ. ಮೊದಲ ಉತ್ತರದಲ್ಲೇ, "ಒಂದು ಎಳ್ಳಿಗಾಗಿ ಇಷ್ಟು ದೊಡ್ಡ ಗಾಣ ಬೇಕೆ? ಲಾಭ ಎಷ್ಟೆಂದು ಅಳೆದು ತೋರಿಸಿ. ಊಹೆ ಬೇಡ," ಎಂದ. ಅಳೆದು ತೋರಿಸಿದಳು. ಹೊಸ ಕೋಡು ಹಳೆಯದಕ್ಕಿಂತ ಚಿಕ್ಕದಾಗಿತ್ತು, ಪ್ರಶ್ನೆಗೆ ತಗಲುವ ಹೊತ್ತೂ ಕಡಿಮೆಯಾಗಿತ್ತು. ಇಡೀ ಯಂತ್ರದ ವೇಗದಲ್ಲಿ ಮಾತ್ರ ಆ ವ್ಯತ್ಯಾಸ ಸಮುದ್ರಕ್ಕೆ ಸುರಿದ ಚೊಂಬು ನೀರು. ಅದನ್ನೂ ಮುಚ್ಚಿಡದೆ ಬರೆದಳು. ಅವನು ಹೆಸರು ಚಿಕ್ಕದು ಮಾಡಿಸಿದ, ವಿವರಣೆಯನ್ನು ಮತ್ತೆ ಬರೆಸಿದ. ಎರಡು ಬಿಟ್ಟುಗಳನ್ನು ಒಟ್ಟಿಗೆ ಕೇಳುತ್ತಿದ್ದ ಹಳೆಯ ಜಾಗವೊಂದು ಮೂಲೆಯಲ್ಲಿತ್ತು. ಎರಡರಲ್ಲಿ ಯಾವುದೊಂದಿದ್ದರೂ ಹೌದು ಎನ್ನುತ್ತಿತ್ತು, ಅದು ಸರಿಯೋ ತಪ್ಪೋ ಎಂದು ಆವರೆಗೆ ಯಾರೂ ಕೇಳಿರಲಿಲ್ಲ. ಅದನ್ನು ಬೇರೆಯೇ ತೇಪೆ ಮಾಡು ಎಂದ. ಒಂದು ಸಲವೂ ಕರುಣೆ ತೋರಿಸಲಿಲ್ಲ. ಅವನ ಮೇಲ್ ಬಂದ ದಿನ ಅವಳು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುತ್ತಿದ್ದಳು.

ಈ ನಡುವೆ ಅವಳು ಕಚೇರಿಗೆ ಹತ್ತಿರದಲ್ಲಿ ಮನೆ ನೋಡಿದಳು. ಹೋಗು ಎಂದು ಯಾರೂ ಹೇಳಿರಲಿಲ್ಲ. ಅತ್ತೆಯಂತೂ, "ಅವನು ಹೋದ್ರೆ ಹೋಗ್ಲಿ, ನೀನ್ಯಾಕೆ ಹೋಗ್ತೀಯಾ? ಮನೆ ಇರೋದು ಇರೋರಿಗೆ," ಎಂದು ಜಗಳವಾಡಿದರು. ಆದರೆ ಗಂಡ ತನ್ನ ಉಳಿದ ಸಾಮಾನಿಗೆಂದು ಒಮ್ಮೆ ಬಂದಿದ್ದ. ಆ ದಿನ ಅತ್ತೆ ಒಳಗಿನಿಂದ ಹೊರಗೆ ಬರಲಿಲ್ಲ, ಮಾವ ಮಾತಾಡಲಿಲ್ಲ. ಅವನು ತನ್ನದೇ ಹಜಾರದಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ಎಂದು ತಿಳಿಯದೆ ನಿಂತಿದ್ದ. ತಾನು ಇಲ್ಲಿರುವವರೆಗೂ ಈ ಮೂವರೂ ಒಬ್ಬರ ಮುಖ ಒಬ್ಬರು ನೋಡಲಾರರು ಎಂದು ಅವಳಿಗೆ ಆಗ ತಿಳಿಯಿತು. ಇದರಲ್ಲಿ ತ್ಯಾಗವೇನೂ ಇರಲಿಲ್ಲ. ಪಾತ್ರೆ ತುಂಬಿದ್ದು ಕಂಡರೆ ನಲ್ಲಿ ನಿಲ್ಲಿಸುತ್ತೇವಲ್ಲ, ಹಾಗೆ.

ಬಾಡಿಗೆ ಮನೆ ಆರಿಸಿದ್ದು ಅತ್ತೆಯೇ. ಮಾಲೀಕನನ್ನು ಎದುರಿಗೆ ನಿಲ್ಲಿಸಿಕೊಂಡು ನಲ್ಲಿಗಳನ್ನೆಲ್ಲ ತಿರುಗಿಸಿ, ಕಿಟಕಿಗಳ ಚಿಲಕ ಎಳೆದು, ಬಚ್ಚಲಿನ ಇಳಿಜಾರಿಗೆ ಚೊಂಬು ನೀರು ಸುರಿದು ಪರೀಕ್ಷಿಸಿದರು. "ನಿಮ್ಮ ಮಗಳಾ?" ಎಂದು ಅವನು ಕೇಳಿದ. "ಹೌದು, ನಿಮಗೇನು?" ಎಂದರು. ಸಾಮಾನು ಕಟ್ಟುವ ದಿನ ಯಾವ ಬಾಣಲೆ ಅವಳಿಗೆ, ಯಾವುದು ಮನೆಗೆ ಎಂದು ಇಬ್ಬರಿಗೂ ಜಗಳವೇ ಆಯಿತು. ಚೆನ್ನಾಗಿರುವುದನ್ನು ಅತ್ತೆ ಅವಳ ಪೆಟ್ಟಿಗೆಗೆ ತುರುಕುವುದು, ಅವಳು ಹೊರಗೆ ತೆಗೆಯುವುದು. ಮಾವ ಪುಸ್ತಕಗಳ ಪೆಟ್ಟಿಗೆಯೊಂದನ್ನು ಹೊತ್ತು ಮೆಟ್ಟಿಲಿಳಿಯುತ್ತಾ ನಡುವೆ ನಿಂತರು.

"ಕತ್ತರಿ ಏನಂದ?"

"ವಾಪಸ್ ಕಳ್ಸಿದ್ದಾನೆ."

"ಯಾವ ಸಾಲು?"

"ನೀವು ನೋಡೋ ಹಾಗಿಲ್ಲ ಮಾವ. ನೀವೇ ಬರ್ದಿದ್ದೀರಿ."

"ಹೌದಲ್ಲ," ಎಂದು ಪೆಟ್ಟಿಗೆಯನ್ನು ಇನ್ನೊಂದು ಬದಿಗೆ ಹೊರಳಿಸಿಕೊಂಡು ಇಳಿದರು.

ಪ್ಯಾಚು ಮುಖ್ಯ ಕೋಡಿಗೆ ಸೇರಿದ್ದು ಅವಳು ಹೊಸ ಮನೆಗೆ ಬಂದ ಮೇಲೆ, ಒಂದು ಭಾನುವಾರದ ಬೆಳಿಗ್ಗೆ. ಕತ್ತರಿ ಬರೆದದ್ದು ಒಂದೇ ಶಬ್ದ, "ಸೇರಿಸಿದೆ." ಭೂಕಂಪಳ ಯಂತ್ರಗಳು ಎದ್ದವು, ಓಡಿದವು. ಜಗತ್ತಿನಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಅವಳು ಎದ್ದು, ಪೆಟ್ಟಿಗೆಗಳ ನಡುವೆ ದಾರಿ ಮಾಡಿಕೊಂಡು ಚಹಾಕ್ಕೆ ನೀರಿಟ್ಟಳು. ಸಕ್ಕರೆಯ ಡಬ್ಬಿ ಸಿಗಲಿಲ್ಲ. ಯಾವ ಪೆಟ್ಟಿಗೆಗೆ ಹಾಕಿದಿರಿ ಎಂದು ಕೇಳಲು ಅತ್ತೆಗೆ ಫೋನು ಮಾಡಿದಳು. ಎತ್ತಿದವರು ಮಾವ.

"ಅವಳು ಆಚೆ ಹೋಗಿದ್ದಾಳೆ. ಬಾಡಿಗೆಯವರ ಮನೇಲಿ ನಲ್ಲಿ ಸೋರ್ತಿದೆಯಂತೆ. ಪ್ಯಾಚು ಸೇರಿದ್ದು ನೋಡ್ದೆ."

"ಈಗ ಓದಿದ್ರಾ?"

"ಓದ್ದೆ. ಸೇರಿದ ಮೇಲೆ ಓದ್ಬಹುದಲ್ಲ, ಅದಕ್ಕೇನು ಅಡ್ಡಿ? ವಿವರಣೆಯ ಎರಡನೇ ಪ್ಯಾರಾ ಸರಿ ಇಲ್ಲ. ಕತ್ತರಿಗೆ ಬರೆಯೋಕೆ ಬರಲ್ಲ, ಅವನ ಮಾತು ಕೇಳಿ ನೀನೂ ಕೆಡಿಸಿದ್ದೀಯ. ಆದ್ರೆ ಕೋಡು... ಬೇರೆ ಆಕ್ಷೇಪ ಇಲ್ಲ."

ಆಮೇಲೆ ಹೊಸ ಪ್ರೊಸೆಸರಿನ ಕೈಪಿಡಿಯ ಮಾತು ಬಂತು. ಅದರಲ್ಲಿ ಇನ್ನೂ ಕೆಲವು ಬಿಟ್ಟುಗಳನ್ನು ಅತಿಥಿಯ ಕೈಗೆ ಬಿಟ್ಟುಕೊಡಬಹುದೆಂದು ಬರೆದಿದ್ದಾರಂತೆ. ಅದು ಅಪಾಯ ಎಂದು ಮಾವ, ಇಲ್ಲ ಎಂದು ಅವಳು. ಅವರ ದನಿ ಏರಿತು, ಅವಳದ್ದೂ ಏರಿತು. ಒಲೆಯ ಮೇಲಿನ ನೀರು ಕುದಿದು ಅರ್ಧವಾಗಿತ್ತು. ಅದನ್ನು ಆರಿಸಲು ಬಗ್ಗಿದಾಗ, ಬೆಳಿಗ್ಗೆಯಿಂದ ತಾನು ಬರಿಗಾಲಲ್ಲಿ ನಿಂತಿದ್ದೇನೆ, ನೆಲ ಬಹಳ ತಣ್ಣಗಿದೆ ಎಂದು ಗೊತ್ತಾಯಿತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಹಿಡಿದು, "ಒಂದು ನಿಮಿಷ ಇರಿ ಮಾವ, ನೀವು ಹೇಳಿದ್ದು ತಪ್ಪು," ಎನ್ನುತ್ತಾ ಪೆಟ್ಟಿಗೆಗಳ ಸಂದಿಯಲ್ಲಿ ಚಪ್ಪಲಿ ಹುಡುಕತೊಡಗಿದಳು.